ಗೂಡಿನಮ್ಮನ ಕಿಟಕಿ

"ನಿಮ್ಮ ತಂಗಿ ಗೋಡೆ ಕಟ್ಟುಸ್ತಾವ್ಳೆ ಕಣ್ ಭಾವ. ತಾನು ಒಳಗೆ ಕೂತ್ಕಂಡು, ಬಾಗ್ಲಿಗೆ ಹೊರಗಿಂದ ಗೋಡೆ!"

ಸೋಮಶೇಖರಪ್ಪ ಇಷ್ಟು ಹೇಳಿ ಹಿಂದೂಪುರದ ಬೆಲ್ಲದ ಮಂಡಿಯ ಜಗಲಿಯ ಮೇಲೆ ಕುಸಿದು ಕೂತ. ಕಲ್ಯಾಣದುರ್ಗದಿಂದ ಶನಿವಾರವೇ ಹೊರಟು, ಸಿಕ್ಕಿದ ಗಾಡಿ, ಲಾರಿ, ಬಸ್ಸು ಎಲ್ಲ ಹತ್ತಿ ಇಳಿದು ಬಂದವನು. ಅಂಗಿಯ ಮೇಲೆಲ್ಲ ಇದ್ದಿಲ ಮಸಿ. ಯುದ್ಧದ ಕಾಲ, ಪೆಟ್ರೋಲ್ ಸಿಗದೆ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು.

ತಕ್ಕಡಿಯ ಪಕ್ಕ ನಿಂತಿದ್ದ ತೋಟಪ್ಪ, "ಯಾವ ತಂಗಿ?" ಎಂದ. ಅವನಿಗಿದ್ದದ್ದು ಒಬ್ಬಳೇ ತಂಗಿ.

"ಇನ್ಯಾರು, ನಮ್ಮತ್ತಿಗೆ ಹಂಪಮ್ಮ. ಉಗ್ರಾಣದ ಕೋಣೆ ಸೇರ್ಕಂಡವ್ಳೆ. ಶುಕ್ರವಾರದಿಂದ ಊಟ ಇಲ್ಲ, ಬರೀ ನೀರು. ಬೀದಿ ಕಡೆ ಕಿಟಕಿಗೆ ಮಣ್ಣು ಮೆತ್ತುಸ್ಬುಟ್ಟವ್ಳೆ. ಬಾಗ್ಲಲ್ಲಿ ಸೊಂಟದ ಮಟ್ಟ ಗೋಡೆ ಎದ್ದೈತೆ. ಮಿಕ್ಕಿದ್ದು ಸೋಮ್ವಾರ ಮುಚ್ಚಬೇಕಂತೆ. ಒಳ್ಳೇ ದಿನ ಅಂತೆ."

"ನಾಳೆ ಸೋಮ್ವಾರ ಕಣಪ್ಪ!"

"ಅದಕ್ಕೇ ಓಡ್ ಬಂದಿರೋದು."

"ನೀವ್ ಮನೆ ಜನ ಏನ್ ಮಾಡ್ತಿದ್ರಿ? ಗೋಡೆ ಕಟ್ಟೋವಾಗ ಕಣ್ಣಿಗೆ ಏನ್ ಇಕ್ಕಂಡಿದ್ರಿ?"

"ಏನ್ ಮಾಡಾನ ಭಾವ? ನಮ್ಮಣ್ಣ ಹೋದ್ ಮೇಲೆ ತಾಯಿ ಸಮಾನ ಅತ್ತಿಗೇನ ಕೈ ಹಿಡ್ದು ಎಳೆಯಾಕಾಯ್ತದಾ? ಬೀದಿ ಜನ ಆಗ್ಲೇ ಕಾಯಿ ಕರ್ಪೂರ ತತ್ತಾವ್ರೆ, ಜೀವಂತ ಸಮಾಧಿ ಅಂತಾವ್ರೆ. ಅಮೀನರ ಕಿವಿಗೆ ಬಿದ್ರೆ ನನ್ನ ಕೈಗೆ ಬೇಡಿ. ಯಾಕವ್ವಾ ಇದೆಲ್ಲ ಅಂದ್ರೆ ಒಂದೇ ಮಾತು: 'ಗೂಡಿನಮ್ಮ ಮಾಡ್ಲಿಲ್ವಾ? ಅಣ್ಣಯ್ಯನೇ ಹೇಳ್ದ.' ಯಾರ್ ಭಾವ ಈ ಗೂಡಿನಮ್ಮ? ನಮ್ ಕಡೆ ಅಂಥ ದೇವ್ರೇ ಇಲ್ವಲ್ಲ!"

ಮಂಡಿಯಲ್ಲಿದ್ದವರು ಒಬ್ಬೊಬ್ಬರಾಗಿ ತೋಟಪ್ಪನ ಕಡೆ ತಿರುಗಿದರು. ತೋಟಪ್ಪ ತಕ್ಕಡಿಯ ಕಲ್ಲನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಟ್ಟ. ಮತ್ತೆ ಎತ್ತಿ ಮೊದಲಿದ್ದಲ್ಲೇ ಇಟ್ಟ.

ಗೂಡಿನಮ್ಮ ಯಾರೆಂಬುದು ಆ ಜಗಲಿಗೆ ಚೆನ್ನಾಗಿ ಗೊತ್ತಿತ್ತು. ಸೋಮವಾರದ ಸಂಜೆ ವ್ಯಾಪಾರ ಮುಗಿದ ಮೇಲೆ ತೋಟಪ್ಪ ಅಲ್ಲಿ ಪುರಾಣ ಹೇಳುತ್ತಿದ್ದ. ಓದುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು; ಹಿಂದಿನಿಂದ ಬಂದ ಪದ್ಧತಿ ಅದು. ಅರ್ಥ ಹೇಳುವುದರಲ್ಲಿ ತೋಟಪ್ಪನಿಗೆ ಸಮ ಯಾರೂ ಇರಲಿಲ್ಲ. ಒಂದು ಸಾಲು ಕೊಟ್ಟರೆ ದೀಪದ ಎಣ್ಣೆ ಮುಗಿಯುವ ತನಕ ಹೇಳುತ್ತಿದ್ದ. ಕನ್ನಡದಲ್ಲಿ ಶುರುಮಾಡಿ, ತೆಲುಗಿನವರ ಕಡೆ ತಿರುಗಿ ತೆಲುಗಿನಲ್ಲಿ ಅಳಿಸಿ, ಮತ್ತೆ ಕನ್ನಡಕ್ಕೆ ಬಂದು ನಗಿಸುತ್ತಿದ್ದ. ಊರಿನಲ್ಲಿದ್ದ ಪುರಾಣಗಳೆಲ್ಲ ಒಂದು ಸುತ್ತು ಮುಗಿದು ಇನ್ನೊಂದು ಸುತ್ತು ನಡೆದು, ಜನ ಆಕಳಿಸಲು ತೊಡಗಿದಾಗ ಕೇಶವಯ್ಯ ಒಂದು ಪುಸ್ತಕ ತಂದ.

ಕೇಶವಯ್ಯ ನೇಕಾರರ ಮನೆಯವನು. ಮಗ್ಗಕ್ಕೆ ಕೂರದೆ ತಂತಿ ಆಫೀಸು ಸೇರಿ, ಅಲ್ಲೇ ತಲೆ ನರೆತು ರಿಟೈರಾದವನು. ಮಿಷನ್ ಆಸ್ಪತ್ರೆಯ ದೊರೆಸಾನಿಯೊಬ್ಬಳು ತನ್ನ ದೇಶಕ್ಕೆ ಹೊರಟಾಗ ಕೊಟ್ಟು ಹೋದ ಇಂಗ್ಲಿಷ್ ಪುಸ್ತಕ ಅದು. ಮೊದಲ ಹಾಳೆಗಳನ್ನು ಗೆದ್ದಲು ತಿಂದಿದ್ದರಿಂದ ಬರೆದವಳ ಹೆಸರು ಗೊತ್ತಾಗಲಿಲ್ಲ. ಗೊತ್ತಾದದ್ದಿಷ್ಟು: ಸಮುದ್ರದ ದಂಡೆಯ ಊರೊಂದರಲ್ಲಿ ನೂರಾರು ವರ್ಷದ ಹಿಂದೆ ಒಬ್ಬಳು ಹೆಣ್ಣುಮಗಳು ಚರ್ಚಿನ ಗೋಡೆಗೆ ಅಂಟಿದ ಒಂದು ಪುಟ್ಟ ಕೋಣೆ ಹೊಕ್ಕು, ಬಾಗಿಲು ಮುಚ್ಚಿಸಿಕೊಂಡು, ಸಾಯುವ ತನಕ ಅದರೊಳಗೇ ಇದ್ದು, ದೇವರೊಂದಿಗೆ ಆಡಿದ ಮಾತುಗಳನ್ನು ಬರೆದಿಟ್ಟಿದ್ದಳು. ಜಗಲಿಯ ಜನ ಅವಳಿಗೆ ಗೂಡಿನಮ್ಮ ಎಂದು ಹೆಸರಿಟ್ಟರು.

ಕೇಶವಯ್ಯ ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುತ್ತಿದ್ದದ್ದು ತಂತಿಯ ಧಾಟಿಯಲ್ಲೇ. ಒಂದು ಮಾತೂ ಹೆಚ್ಚಿಲ್ಲ.

"ನಾನು ಬಾವಿ. ನೀನು ಸೂರ್ಯ. ಮಧ್ಯಾಹ್ನ ಮಾತ್ರ ತಳ ಮುಟ್ಟುವಿ. ಕಾದಿರುವೆ."

ಅಷ್ಟು ಸಾಕಿತ್ತು ತೋಟಪ್ಪನಿಗೆ. "ಕೇಳಿದ್ರಾ? ಬಾವಿ ಅಂತೆ! ಬಗ್ಗಿ ನೋಡಿದ್ರೆ ಕತ್ಲೆ. ನಮ್ ಸೀಮೆ ಬಾವಿ ಗೊತ್ತಲ್ಲ, ಹಗ್ಗ ಮುಗೀತದೆ, ನೀರ್ ಸಿಗಲ್ಲ. ಅಂಥಾ ಬಾವಿಗೂ ನೆತ್ತಿ ಮೇಲೆ ಹೊತ್ತು ಬಂದಾಗ ಒಂದು ಗಳಿಗೆ ತಳ ಹೊಳೀತದಾ ಇಲ್ವಾ? ಅದೇ ಕಣ್ರಪ್ಪ ಶರಣಸತಿ ಲಿಂಗಪತಿ! ಆ ದೇಶದಾಗೂ ಅದೇ!" ಜನ ತಲೆದೂಗಿದರು. ಮುಂದಿನ ಸೋಮವಾರ ಹುಣಸೆ ಮಂಡಿಯವರೂ ಬಂದು ಕೂತರು.

ಶ್ರಾವಣದಲ್ಲಿ ಹಂಪಮ್ಮ ತವರಿಗೆ ಬಂದಿದ್ದಳು. ಬಾಗಿಲು ಮುಚ್ಚಿದ ದಿನದ ಅಧ್ಯಾಯ ಓದಿದ್ದು ಆಗಲೇ. "ಗುರು ಬಂದ. ಸತ್ತವರ ಮಂತ್ರ ಓದಿದ. ಅವಳು ಒಳಹೋದಳು. ಬಾಗಿಲು ಮುಚ್ಚಿತು," ಎಂದ ಕೇಶವಯ್ಯ. ತೋಟಪ್ಪ ಅದಕ್ಕೆ ನಮ್ಮ ಬಟ್ಟೆ ತೊಡಿಸಿದ. ಗುರು ಅಯ್ನೋರಾದರು. ಅಯ್ನೋರು ಅವಳ ನೆತ್ತಿಯ ಮೇಲೆ ಪಾದವಿಟ್ಟರು. ಅವಳು ಸಮಾಧಿಯ ಗದ್ದಿಗೆಯೊಳಗೆ ಕೂರುವಂತೆ ಕೂತಳು, ಕುತ್ತಿಗೆಯ ತನಕ ವಿಭೂತಿ, ಪತ್ರೆ. ಜನ ಕಣ್ಣೊರೆಸಿಕೊಳ್ಳುತ್ತಿದ್ದಾಗ, ಬೆಲ್ಲದ ಪೆಂಟೆಗಳ ಹಿಂದೆ ಹೆಂಗಸರ ಕಡೆಯಿಂದ ಒಂದು ದನಿ ಬಂತು. ಸಭೆಯಲ್ಲಿ ಎಂದೂ ಬಾಯಿ ತೆರೆಯದ ಹಂಪಮ್ಮನದು.

"ಬಾಗ್ಲು ಮುಚ್ಚಿದ್ ಮೇಲೆ ಆಯಮ್ಮ ಏನ್ ಉಣ್ತಿದ್ಲು ಅಣ್ಣಯ್ಯ?"

ಕೇಶವಯ್ಯನ ಬೆರಳು ಆಗಲೇ ಮುಂದಿನ ಸಾಲಿನ ಮೇಲಿತ್ತು. "ಕಿಟಕಿ ಇದೆ. ರೊಟ್ಟಿ..." ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ತೋಟಪ್ಪನ ಅಂಗೈ ಹಾಳೆಯ ಮೇಲೆ ಬಂದು ಕೂತಿತು. ಅಂಥ ಹೊತ್ತಿನಲ್ಲಿ ರೊಟ್ಟಿ ಎಂದರೆ ಸಭೆ ಎದ್ದೇ ಹೋದಂತೆ.

"ನಾಮಾಮೃತ ಕಣಮ್ಮ!" ಎಂದ ತೋಟಪ್ಪ. "ದೇವರ ನಾಮ. ಅದೇ ಅನ್ನ, ಅದೇ ನೀರು."

ಹರಹರ ಎಂದಿತ್ತು ಇಡೀ ಜಗಲಿ.

ಕಿಟಕಿಯ ಮಾತು ಪುಸ್ತಕದಲ್ಲಿ ಆಮೇಲೂ ಅಲ್ಲಲ್ಲಿ ಬರುತ್ತಿತ್ತು. ಯಾರಿಗೋ ಹಲ್ಲುನೋವು, ಯಾರದೋ ಹಸು ಕಳೆದಿದೆ, ಎಲ್ಲರೂ ಕಿಟಕಿಗೆ ಬಂದು ಅವಳನ್ನು ಕೇಳುತ್ತಾರೆ. "ಇದೇನಯ್ಯ ಸಂತೆ? ಮುಂದಕ್ ಹೋಗು," ಎಂದು ತೋಟಪ್ಪ ಹಾಳೆ ಮಗುಚಿಸುತ್ತಿದ್ದ. ಗೂಡಿನಮ್ಮನ ಕೋಣೆಗೆ ಹಿಂದೂಪುರದಲ್ಲಿ ಕಿಟಕಿಯೇ ಇರಲಿಲ್ಲ.

ಅವತ್ತೇ ಭಾನುವಾರ, ಸಿಕ್ಕಿದ ಬಸ್ಸು ಹತ್ತಿದರು. ತೋಟಪ್ಪ, ಸೋಮಶೇಖರಪ್ಪ, ಪುಸ್ತಕವನ್ನು ಪಂಚೆಯ ತುದಿಯಲ್ಲಿ ಸುತ್ತಿಕೊಂಡ ಕೇಶವಯ್ಯ. ಇಂಗ್ಲಿಷ್ ಬರುತ್ತಿದ್ದದ್ದು ಅವನೊಬ್ಬನಿಗೇ. ಬರೋದಿಲ್ಲ ಎನ್ನಲು ತೋಟಪ್ಪ ಅವನಿಗೆ ಬಿಡುವೇ ಕೊಡಲಿಲ್ಲ.

ಬಸ್ಸು ಏರು ಬಂದಲ್ಲೆಲ್ಲ ಉಸಿರು ಕಟ್ಟಿ ನಿಲ್ಲುತ್ತಿತ್ತು. ಕ್ಲೀನರು ಇಳಿದು ಹಿಂದಿನ ಒಲೆಯ ಗಾಳಿ ಚಕ್ರ ತಿರುಗಿಸುತ್ತಿದ್ದ, ಹೊಗೆ ಒಳಗೆ ನುಗ್ಗುತ್ತಿತ್ತು, ಎಲ್ಲರೂ ಕೆಮ್ಮುತ್ತಿದ್ದರು. ನಿಂತಾಗಲೆಲ್ಲ ತೋಟಪ್ಪ ಕೆಳಗಿಳಿದು ರಸ್ತೆಯಲ್ಲಿ ಅತ್ತಿಂದಿತ್ತ ತಿರುಗಿ, ಹೊರಟಾಗ ಓಡಿ ಹತ್ತುತ್ತಿದ್ದ. ಕೂತರೂ ಮೊಣಕಾಲು ಕುಣಿಯುತ್ತಿತ್ತು. ಪಕ್ಕದಲ್ಲಿ ಕೋಳಿಬುಟ್ಟಿ ಇಟ್ಟುಕೊಂಡಿದ್ದ ಮುದುಕಿ ನೋಡಿ ನೋಡಿ, "ಏಮಯ್ಯಾ, ನಾ ಕೋಳ್ಳು ಭಯಪಡ್ತಾಂಡಾಯಿ," ಎಂದು ಹೆದರಿದ ಕೋಳಿಗಳ ಬುಟ್ಟಿಯನ್ನು ಆಚೆ ಸರಿಸಿಕೊಂಡಳು.

ಮಡಕಶಿರೆ ದಾಟಿದ ಮೇಲೆ ತೋಟಪ್ಪ ಕೇಶವಯ್ಯನ ಕಿವಿಗೆ ಬಾಯಿ ತಂದ.

"ಕೇಶವಯ್ಯ, ಕೊನೇಲಿ ಗೂಡಿನಮ್ಮ ಹೊರಗ್ ಬಂದ್ಲು ಅನ್ನಾನ."

"ಬರ್ಲಿಲ್ಲ."

"ಬರ್ಲಿಲ್ಲ ಅಂತ ನಂಗೂ ಗೊತ್ತು. ಬಂದ್ಲು ಅನ್ನಾನ ಅಂತಿರೋದು. ದೇವ್ರು ಬಂದು ಹೇಳ್ದ, ಏಳವ್ವ, ನಿನ್ ತಪಸ್ಸು ಮುಗೀತು, ಮನೆಗ್ ಹೋಗಿ ಮುದ್ದೆ ತಿರುವು ಅಂದ. ಅವಳು ಬಂದ್ಲು. ಮುಗೀತು."

"ಅಂಗಿಲ್ಲ ಇದ್ರಾಗೆ."

"ಇದ್ರಾಗೆ ವಿಭೂತಿ ಇತ್ತಾ? ಅಯ್ನೋರು ಇದ್ರಾ? ನಾನ್ ಹೇಳ್ಲಿಲ್ವಾ?"

"ಹೇಳ್ದೆ," ಎಂದ ಕೇಶವಯ್ಯ. "ಅದಕ್ಕೇ ತಾನೇ ಈ ಬಸ್ಸಲ್ಲಿ ಕೂತಿರೋದು ನಾವು."

"ಅವಳ ಜೀವ ದೊಡ್ದಾ, ನಿನ್ ಪುಸ್ತಕ ದೊಡ್ದಾ?"

"ನಲವತ್ ವರ್ಷ ತಂತಿ ಕೊಟ್ಟಿದ್ದೀನಿ ತೋಟಪ್ಪ. 'ಹೊರಟೆ' ಅಂತ ಬರೆದಿದ್ರೆ 'ಬಂದೆ' ಅಂತ ಕೊಟ್ಟವನಲ್ಲ. ಆ ಕಡೆ ಬಾಗಿಲಲ್ಲಿ ಯಾರೋ ನಂಬಿಕೊಂಡು ನಿಂತಿರ್ತಾರೆ."

"ನೀನ್ ಬಾಯ್ ಮುಚ್ಕಂಡಿರು ಸಾಕು. ಹೇಳೋದು ನಾನು."

ಪಾವಗಡದಲ್ಲಿ ಮೈಸೂರಿನ ಪೊಲೀಸರು ಬಸ್ಸು ನಿಲ್ಲಿಸಿ, ಗಡಿ ದಾಟಿ ಧಾನ್ಯ ಹೋಗುತ್ತಿದೆಯೇ ಎಂದು ಮೂಟೆಗಳಿಗೆಲ್ಲ ಕಬ್ಬಿಣದ ಸರಳು ಚುಚ್ಚಿ ನೋಡಿದರು. ನೋಡಿ ಮುಗಿಯುವಷ್ಟರಲ್ಲಿ ಒಲೆ ಆರಿತ್ತು. ಇನ್ನು ಬೆಳಗಿನವರೆಗೆ ಬಸ್ಸಿಲ್ಲ ಎಂದರು. ಮೂವರೂ ಛತ್ರದಲ್ಲಿ ಮಲಗಿದರು. ಮಲಗಿದವರು ಇಬ್ಬರು ಎನ್ನಬೇಕು. ಮೊದಲ ಬಸ್ಸು ಕಲ್ಯಾಣದುರ್ಗದಲ್ಲಿ ಇಳಿಸಿದಾಗ ಹೊತ್ತು ಏರಿತ್ತು. ತೋಟಪ್ಪ ಸಂತೆಬೀದಿಯಲ್ಲಿ ಓಡಿದ. ಆ ವಯಸ್ಸಿನ ಬೆಲ್ಲದ ವ್ಯಾಪಾರಿ ಓಡುವುದನ್ನು ಊರು ನೋಡಿರಲಿಲ್ಲ. ಕಂಬಳಿ ಮಾರುವವರು ಎದ್ದು ನಿಂತು ನೋಡಿದರು.

ಮನೆಯ ಅಂಗಳದಲ್ಲಿ ಒಡೆದ ತೆಂಗಿನಕಾಯಿ, ಊದುಬತ್ತಿಯ ಹೊಗೆ, ಬೀದಿಯ ಹೆಂಗಸರು. ಉಗ್ರಾಣದ ಬಾಗಿಲಲ್ಲಿ ಗೋಡೆ ಎದೆಮಟ್ಟ ಬಂದಿತ್ತು. ಗೋಡೆ ಕೆಲಸದ ಪೋತಪ್ಪ ಕಲಸಿದ ಮಣ್ಣಿನ ಮುಂದೆ ಕೂತು ಒಂದೊಂದೇ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ; ತನ್ನ ಗಂಡ ಸೋಮಶೇಖರಪ್ಪ ಬರುವ ತನಕ ತಡಮಾಡು ಎಂದು ದ್ರಾಕ್ಷಾಯಣಮ್ಮ ಅವನಿಗೆ ಕಣ್ಣಲ್ಲೇ ಹೇಳಿದ್ದಳು. ಅವನಿಗೂ ಅದೇ ಬೇಕಾಗಿತ್ತು.

"ಬಂದ್ಯಾ ಅಣ್ಣ!" ದ್ರಾಕ್ಷಾಯಣಮ್ಮ ಸೆರಗಿನಿಂದ ಮೂಗೊರೆಸಿದಳು. "ಅಕ್ಕಂಗೆ ನಾವೇನ್ ಕಮ್ಮಿ ಮಾಡಿದ್ವಿ, ನೀನೇ ಕೇಳು. ಅಕ್ಕ ಇಲ್ದೆ ಈ ಮನೇಲಿ ಒಂದು ಕಡ್ಡಿ ಅಲ್ಲಾಡಲ್ಲ. ಉಪ್ಪು ಎಲ್ಲೈತೆ ಅಂತ ನಂಗ್ ಗೊತ್ತಿಲ್ಲ ಕಣಣ್ಣ, ಅಕ್ಕನ್ನೇ ಕೇಳ್ಬೇಕು!"

ಗೋಡೆಯ ಮೇಲಿನಿಂದ ಹಂಪಮ್ಮನ ಮುಖ ಕಾಣುತ್ತಿತ್ತು. ಕೆನ್ನೆ ಒಳಗೆ ಹೋಗಿತ್ತು. ಬೇಳೆ ಮೂಟೆ, ಎಣ್ಣೆ ಪೀಪಾಯಿಗಳ ನಡುವೆ ಮಣೆ ಹಾಕಿಕೊಂಡು, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿದ್ದಳು.

"ಬಾ ಅಣ್ಣಯ್ಯ," ಎಂದಳು ನೆಮ್ಮದಿಯಾಗಿ. "ಆಶೀರ್ವಾದ ಮಾಡು. ನಿನ್ನಿಂದ ದಾರಿ ಸಿಕ್ತು."

ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದದ್ದನ್ನು ತೋಟಪ್ಪ ಗಟ್ಟಿದನಿಯಲ್ಲಿ ಬಿಚ್ಚಿದ. "ಹಂಪಮ್ಮ, ನೀನು ಊರಿಗ್ ಬಂದ್ಬುಟ್ಟೆ, ಪುರಾಣದ ಕೊನೆ ಕೇಳ್ಲೇ ಇಲ್ಲ ಕಣಮ್ಮ. ಕೊನೇಲಿ ಏನಾಯ್ತು ಗೊತ್ತಾ? ಗೂಡಿನಮ್ಮನ ಮುಂದೆ ಸಾಕ್ಷಾತ್ ದೇವರು ನಿಂತ. ಏಳು ಮಗಳೇ ಅಂದ. ಗೋಡೆ ತಾನಾಗೇ ಬಿರೀತು. ಆಯಮ್ಮ ಹೊರಗ್ ಬಂದ್ಲು!"

ಯಾರೋ ಹರಹರ ಎಂದರು. ಹಂಪಮ್ಮ ಅಣ್ಣನನ್ನು ನೋಡಲಿಲ್ಲ; ಅವನ ಹೆಗಲ ಹಿಂದೆ ನಿಂತಿದ್ದವನನ್ನು ನೋಡಿದಳು.

"ಕೇಶವಯ್ಯನೋರೇ, ಅಂಗೈತಾ ಅದ್ರಾಗೆ?"

ಕೇಶವಯ್ಯ ಪುಸ್ತಕ ಹಿಡಿದುಕೊಂಡು ನೆಲ ನೋಡಿದ. ತೋಟಪ್ಪ ಅವನ ಕಾಲು ತುಳಿದ. ಕೇಶವಯ್ಯ ಕಾಲನ್ನು ಹಿಂದಕ್ಕೆಳೆದುಕೊಂಡ, ಬಾಯಿ ಮಾತ್ರ ತೆರೆಯಲಿಲ್ಲ.

"ಇಲ್ಲ ಅಂತಾಯ್ತು," ಎಂದಳು ಹಂಪಮ್ಮ. "ಕಲ್ಲಿಡು ಪೋತಪ್ಪ."

ಪೋತಪ್ಪ ಕಲ್ಲು ಎತ್ತಿದ. ಎತ್ತಿ ಸೋಮಶೇಖರಪ್ಪನ ಕಡೆ ನೋಡಿದ, ತೋಟಪ್ಪನ ಕಡೆ ನೋಡಿದ. "ಪೆಟ್ಟಾಲ್ನಾ, ವದ್ದಾ?" ಇಡಲೋ ಬೇಡವೋ ಎಂದು ಅವನಿಗೆ ಯಾರೂ ಹೇಳಲಿಲ್ಲ. ಕಲ್ಲನ್ನು ಹೊಟ್ಟೆಗೆ ಆತು ಹಿಡಿದು ನಿಂತ.

"ಇಡು ಅಂದ್ನಲ್ಲ!"

"ಇಡಬ್ಯಾಡ ಕಣೋ!" ತೋಟಪ್ಪ ಗೋಡೆಗೆ ಅಡ್ಡ ನಿಂತ. ಹಸಿಮಣ್ಣು ಅವನ ಪಂಚೆಗೆಲ್ಲ ಮೆತ್ತಿತು. "ಹಂಪಮ್ಮ, ಬರ್ಲಿಲ್ಲ ಆಯಮ್ಮ. ಹೊರಗೆ ಬರ್ಲೇ ಇಲ್ಲ, ಅಲ್ಲೇ ಸತ್ಲು. ಅದು ನಿಜ. ಆದ್ರೆ ಅಲ್ಲಿ ಕಿಟಕಿ ಇತ್ತು."

"ಎಲ್ಲಿ?"

"ಕೋಣೇಲಿ. ಬೀದಿಗೆ. ನಾನೇ ಬುಟ್ಬುಟ್ಟೆ. ರೊಟ್ಟಿ ಬತ್ತಿತ್ತು ಅದ್ರಾಗೆ. ಒಬ್ಳು ಕೆಲಸದೋಳು ದಿನಾ ತಂದಿಡ್ತಿದ್ಲು."

ಹಂಪಮ್ಮ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ, ಕರಡಿಗೆಯಲ್ಲಿಟ್ಟು, ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡು ಎದ್ದು ಬಂದಳು. ಗೋಡೆಯ ಆ ಕಡೆ ಅವಳು, ಈ ಕಡೆ ಅವನು.

"ರೊಟ್ಟಿ ತಿಂದ್ಲಾ?"

"ತಿಂದ್ಲು."

"ನೀನು ನಾಮಾಮೃತ ಅಂದೆ."

"ಅಂದೆ."

"ಮೂರ್ ದಿನದಿಂದ ನಾನು ಆ ನಾಮಾಮೃತ ಕುಡೀತಾ ಇದ್ದೀನಿ ಅಣ್ಣಯ್ಯ. ಹೊಟ್ಟೇಲಿ ಬೆಂಕಿ. ಗೂಡಿನಮ್ಮಂಗೆ ತುಂಬಿದ್ದು ನಂಗ್ಯಾಕೆ ತುಂಬಲ್ಲ, ನನ್ನ ಭಕ್ತಿ ಇಷ್ಟೇನಾ ಅಂತ ಅತ್ತಿದ್ದೀನಿ. ಯಾಕಂದೆ ಅಂಗೆ?"

ತೋಟಪ್ಪ ಪಂಚೆಗೆ ಮೆತ್ತಿದ ಮಣ್ಣನ್ನು ಉಗುರಿನಿಂದ ಕೆರೆದ.

"ಸಭೆ ಚೆನ್ನಾಗ್ ಕೂತಿತ್ತು ಕಣಮ್ಮ."

ಬೀದಿಯ ಹೆಂಗಸೊಬ್ಬಳು ನಕ್ಕುಬಿಟ್ಟು ಬಾಯಿ ಮುಚ್ಚಿಕೊಂಡಳು. ಹಂಪಮ್ಮ ನಗಲಿಲ್ಲ.

"ಕೇಶವಯ್ಯನೋರೇ, ಕಿಟಕಿದು ಓದಿ. ನೀನ್ ಸುಮ್ಕಿರು ಅಣ್ಣಯ್ಯ."

ಕೇಶವಯ್ಯ ಕನ್ನಡಕ ಹಾಕಿಕೊಂಡ. ತೋಟಪ್ಪ ಮಗುಚಿಸಿದ್ದ ಹಾಳೆಗಳ ಮೂಲೆಗಳೆಲ್ಲ ಮಡಚಿಕೊಂಡೇ ಇದ್ದವು. "ಕಿಟಕಿ. ಕಪ್ಪು ಬಟ್ಟೆ. ಬಟ್ಟೆ ನನ್ನ ಬದಿ. ಜನ ಬರುವರು. ಹಲ್ಲು. ಗಂಡ ಹಡಗಿನಲ್ಲಿ. ಸಿಟ್ಟು. ಸತ್ತೆ ಎಂದರೂ ಕರೆಯುವರು. ರೊಟ್ಟಿ. ನಾಚಿಕೆ."

ಹಂಪಮ್ಮ ಹುಬ್ಬು ಗಂಟಿಕ್ಕಿದಳು. "ಯಾರ್ ಹಲ್ಲು? ಹಡಗಿಗೂ ನಾಚ್ಕೆಗೂ ಏನ್ ಸಂಬಂಧ?"

"ಇರೋದಷ್ಟೇ ತಾಯಿ."

ಅವಳು ಅಣ್ಣನ ಕಡೆ ತಿರುಗಿದಳು. "ಸರಿ. ನೀನೇ ಹೇಳು ಅಣ್ಣಯ್ಯ. ಇರೋದನ್ನ ಮಾತ್ರ ಹೇಳು. ಒಂದ್ ಚಿಟಿಕೆ ವಿಭೂತಿ ಹೆಚ್ಚಾಯ್ತೋ, ಪೋತಪ್ಪನ ಕೈಲಿ ಕಲ್ಲೈತೆ."

ಪೋತಪ್ಪ ಹೌದೆಂದು ತಲೆಯಾಡಿಸಿದ. ಕಲ್ಲನ್ನು ಸೊಂಟಕ್ಕೆ ಜರುಗಿಸಿಕೊಂಡ.

ತೋಟಪ್ಪ ಕೇಶವಯ್ಯನ ಪಕ್ಕ ಸರಿದು ನಿಂತ. ಒಂದು ಸಾಲು ಕೇಳುವುದು, ಒಂದು ಸಾಲು ಹೇಳುವುದು. ಇಷ್ಟು ನಿಧಾನವಾಗಿ ಅವನು ಎಂದೂ ಅರ್ಥ ಹೇಳಿರಲಿಲ್ಲ. ಮಾತು ಮುಂದಕ್ಕೆ ಜಾರುತ್ತಿದೆ ಎನ್ನಿಸಿದಾಗ ತಾನೇ ನಿಂತು, "ಇಲ್ಲ, ಇದು ನಂದು, ಬುಡು," ಎಂದು ಹಿಂದಕ್ಕೆ ಬರುತ್ತಿದ್ದ.

"ಆಯಮ್ಮ ಬರೀತಾಳೆ: ನನ್ನ ಕಿಟಕಿಗೆ ಜನ ಬತ್ತಾರೆ. ಒಬ್ಬಳಿಗೆ ಹಲ್ಲುನೋವು. ಒಬ್ಬಳ ಗಂಡ ಹಡಗಲ್ಲಿ ಹೋದೋನು ಬಂದಿಲ್ಲ. ನಂಗೆ ಸಿಟ್ಟು ಬತ್ತದೆ. ದೇವ್ರೇ, ನಿನಗೋಸ್ಕರ ಸತ್ತೆ, ನನ್ನ ಮೇಲೆ ಹೆಣದ ಮಂತ್ರ ಓದ್ಸಾಯ್ತು, ಇನ್ನೂ ಯಾಕಪ್ಪ ಇವ್ರು ನನ್ನ ಹೆಸರಿಡ್ದು ಕರೀತಾರೆ ಅಂತೀನಿ. ದೇವ್ರು ಮಾತಾಡಲ್ಲ. ಕೆಲಸದೋಳು ಇಟ್ಟೋದ ರೊಟ್ಟಿ ತಿಂತೀನಿ. ಸತ್ತ ಮೇಲೂ ಹಸಿವಾಯ್ತದಲ್ಲ ಅಂತ ನಾಚ್ಕೆ ಆಯ್ತದೆ..."

"ಅಲ್ಲೂ ಬುಡ್ಲಿಲ್ವಾ!" ಹಂಪಮ್ಮ ಗೋಡೆಯ ಮೇಲೆ ಅಂಗೈ ಬಡಿದಳು. "ಗೋಡೆ ಕಟ್ಕಂಡ್ರೂ ಬಂದ್ರಾ? ಇನ್ನೆಲ್ಲಿಗಪ್ಪ ಹೋಗ್ಬೇಕು ಹೆಣ್ಣೆಂಗ್ಸು?"

ಅವಳು ದ್ರಾಕ್ಷಾಯಣಮ್ಮನ ಕಡೆ ತಿರುಗಿದಳು. ದನಿ ಏರಲಿಲ್ಲ, ಆದರೆ ನಡುವೆ ಯಾರೂ ಬಾಯಿ ಹಾಕಲಾಗಲಿಲ್ಲ. "ಕಮ್ಮಿ ಏನ್ ಮಾಡಿದ್ವಿ ಅಂದ್ಯಲ್ಲ ದ್ರಾಕ್ಷಾಯಣಿ. ಏನೂ ಕಮ್ಮಿ ಮಾಡಿಲ್ಲ ಕಣಮ್ಮ. ಅಂಗೈಮೇಲೆ ಲಿಂಗ ಇಕ್ಕಂಡ್ರೆ, ಅಕ್ಕಾ ಉಪ್ಪೆಲ್ಲಿ. ಕಣ್ ಮುಚ್ಚಿದ್ರೆ, ದೊಡ್ಡವ್ವಾ ಇವ್ನು ಹೊಡ್ದ. ಪತ್ರೆ ಏರ್ಸೋ ಹೊತ್ತಿಗೆ, ಅತ್ತಿಗೇ ಕಡ್ಲೇಕಾಯಿ ಗಾಡಿ ಬಂತು, ಚೀಲ ಎಲ್ಲವೆ. ಈ ಮನೆಗ್ ಸೊಸೆಯಾಗಿ ಬಂದಾಗ್ಲಿಂದ ಒಂದ್ ದಿನ, ಒಂದೇ ಒಂದ್ ದಿನ, ನನ್ನ ಪೂಜೆ ಮುಗ್ದಿಲ್ಲ. ಆ ಕೋಣೆ ಕಥೆ ಕೇಳ್ದಾಗ ನಂಗೆ ದೇವ್ರು ಕಾಣಿಸ್ಲಿಲ್ಲ. ಬಾಗ್ಲು ಕಾಣಿಸ್ತು. ಮುಚ್ಚಿದ್ ಬಾಗ್ಲು."

ಸೋಮಶೇಖರಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ದ್ರಾಕ್ಷಾಯಣಮ್ಮ ಸೆರಗು ಕಚ್ಚಿದಳು.

"ಮುಂದೆ ಐತಾ ಅಣ್ಣಯ್ಯ? ಆ ಜನಕ್ಕೆ ಆಯಮ್ಮ ಏನಂದ್ಲು?"

ಕೇಶವಯ್ಯ ಓದಿದ. "ಕೆಲವು ದಿನ ಬಟ್ಟೆ ಎತ್ತುವುದಿಲ್ಲ. ಅವನು ಬಯ್ಯುವುದಿಲ್ಲ."

ತೋಟಪ್ಪ ಬಾಯಿ ತೆರೆದ. ಅವನೊಳಗೆ ಇಡೀ ಸಂಜೆಗಾಗುವಷ್ಟು ಮಾತು ಎದ್ದು ಬಂತು, ನುಂಗಿಕೊಂಡ. "ಅಷ್ಟೇ ಐತೆ. ಕಿಟಕಿ ಬಟ್ಟೆ ಆಯಮ್ಮನ ಕಡೆಯಿಂದ ಕಟ್ಟಿತ್ತು. ಬೇಕು ಅಂದ್ ದಿನ ಎತ್ತಾಳೆ, ಬ್ಯಾಡ ಅಂದ್ ದಿನ ಎತ್ತಲ್ಲ. ಎತ್ತದಿದ್ರೂ ದೇವ್ರು ಸಿಟ್ಟು ಮಾಡಲ್ಲ."

"ನಿಂದು ಏನೂ ಸೇರಿಲ್ವಾ?"

"ಏನೂ ಸೇರಿಲ್ಲ ಕಣಮ್ಮ. ಬೇಕಾದ್ರೆ ಕೇಶವಯ್ಯನ್ನ ಕೇಳು."

"ಸರಿಯಾಗಿ ಕೊಟ್ಟವ್ನೆ," ಎಂದ ಕೇಶವಯ್ಯ.

ಹಂಪಮ್ಮ ಕಿಟಕಿಯ ಹತ್ತಿರ ಹೋಗಿ ಮೆತ್ತಿದ್ದ ಮಣ್ಣನ್ನು ಬೆರಳಿನಿಂದ ಕೆರೆದಳು. ಕೈ ಸೋತ ಪೋತಪ್ಪ ಇನ್ನು ತಡೆಯಲಾರದೆ, "ಅಮ್ಮಾ, ಚೇತುಲು ಪೋತಾಂಡಾಯಿ," ಎಂದು ನರಳಿದ.

"ಕೆಳಗಿಡೋ ಮಾರಾಯ," ಎಂದಳು ಹಂಪಮ್ಮ. "ಗೋಡೆ ಕಿತ್ತಾಕು. ಆ ಕಿಟಕೀನೂ ಬಿಡ್ಸು."

ದ್ರಾಕ್ಷಾಯಣಮ್ಮ ಒಳಗೋಡಿ ಹಾಲು ತಂದಳು; ರೊಟ್ಟಿ ತಟ್ಟಲು ಕೂತವಳು ಅಭ್ಯಾಸಬಲದಿಂದ, "ಅಕ್ಕಾ, ಉಪ್ಪು..." ಎಂದು ಕೂಗಿ, ನಾಲಿಗೆ ಕಚ್ಚಿಕೊಂಡು, ತಾನೇ ಎದ್ದು ಡಬ್ಬಗಳನ್ನೆಲ್ಲ ತೆರೆದು ನೋಡಿದಳು.

ಕಲ್ಲು ಒಂದೊಂದಾಗಿ ಇಳಿಯುತ್ತಿದ್ದಾಗ ಹಂಪಮ್ಮ ಹಾಲು ಕುಡಿಯುತ್ತ, ತುಂಡು ರೊಟ್ಟಿ ಮುರಿಯುತ್ತ, ಮೈದುನನಿಗೆ ಹೇಳಿದಳು: "ಹೊರಗ್ ಬಂದೆ ಅನ್ಕಬ್ಯಾಡ ಸೋಮಶೇಖರಪ್ಪ. ಕೋಣೆ ನಂದು. ಬೆಳಿಗ್ಗೆ ಪೂಜೆಗ್ ಕೂತ್ರೆ ಉಣ್ಣೋ ಹೊತ್ತಿನ ತನಕ ನಾನಿಲ್ಲ. ಬಡಗಿ ಕರ್ದು ಬಾಗ್ಲಿಗೆ ಒಳಗಡೆ ಚಿಲ್ಕ ಹಾಕ್ಸು. ಹೊರಗಿನ್ ಚಿಲ್ಕ ಕಿತ್ತಾಕ್ಸು."

"ಅದು ಉಗ್ರಾಣ ಅತ್ತಿಗೆ. ಬೇಳೆ, ಎಣ್ಣೆ, ಹುಣಿಸೆಹಣ್ಣು ಎಲ್ಲಾ..."

"ತಗೊಂಡೋಗಿ."

"ಎಲ್ಲಿಡಾನ?"

"ನಿಮ್ಮಿಷ್ಟ."

ಆ ಮಾತು ಆ ಮನೆಯಲ್ಲಿ ಮೊದಲ ಸಲ ಕೇಳಿದ್ದು. ಸೋಮಶೇಖರಪ್ಪ ಬೇಳೆ ಮೂಟೆ ಹೊತ್ತು ಅಂಗಳದ ನಡುವೆ ನಿಂತು, ಪಡಸಾಲೆಯ ಕಡೆ ಹೆಜ್ಜೆ ಇಟ್ಟು, ಅಡಿಗೆಮನೆಯ ಕಡೆ ತಿರುಗಿ, ಮತ್ತೆ ನಿಂತ. ಹೆಂಗಸರು ಕರ್ಪೂರದ ತಟ್ಟೆ ಎತ್ತಿಕೊಂಡು ಒಬ್ಬೊಬ್ಬರೇ ಹೊರಟರು. ಕೆಲವರ ಮುಖ ಸಪ್ಪೆಯಾಗಿತ್ತು; ಗದ್ದಿಗೆಯೊಂದು ತಮ್ಮ ಬೀದಿಗೆ ಬಂದಂತೆ ಬಂದು ಹೋಗಿತ್ತಲ್ಲ.

ಸಂಜೆಯ ಹೊತ್ತಿಗೆ ಕೋಣೆ ಖಾಲಿಯಾಗಿತ್ತು, ಗುಡಿಸಿ ಸಾರಿಸಿಯೂ ಆಗಿತ್ತು. ಕೇಶವಯ್ಯ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ತೋಟಪ್ಪನಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಅಂಗಳ ಸುತ್ತಿದ, ಬೀದಿಗೆ ಹೋದ, ಕೊನೆಗೆ ಹೊಸದಾಗಿ ತೆರೆದ ಕಿಟಕಿಯ ಕೆಳಗಿನ ಜಗಲಿಯ ಮೇಲೆ ಬಂದು ಕೂತ. ನುಂಗಿಕೊಂಡ ಮಾತುಗಳೆಲ್ಲ ಇನ್ನೂ ಗಂಟಲಲ್ಲೇ ಇದ್ದವು.

"ಹಂಪಮ್ಮ," ಎಂದ. "ಎಚ್ಚರ ಇದ್ದೀಯಾ?"

"ಹೇಳು."

"ಬಟ್ಟೆ ಎತ್ತಲ್ಲ, ಅವನು ಬಯ್ಯಲ್ಲ ಅಂತ ಬತ್ತದಲ್ಲ, ಅದಕ್ಕೆ ಒಂದು ಅರ್ಥ ಹೊಳೀತು ಕಣಮ್ಮ. ಏನಂದ್ರೆ, ಯಾಕ್ ಬಯ್ಯಲ್ಲ, ಅವನೂ ಒಂದು..."

"ಇದು ಪುಸ್ತಕದಾಗೈತಾ, ನಿಂದಾ?"

"ನಂದೇ," ಎಂದ ತೋಟಪ್ಪ. "ಆದ್ರೆ ಚೆನ್ನಾಗೈತೆ."

ಒಳಗೆ ಅವಳು ನಕ್ಕದ್ದು ಕೇಳಿಸಿತು. ಆ ನಗು ಕೇಳಿ ಅವನಿಗೆ ಇನ್ನೂ ಹುರುಪು ಬಂತು.

"ನಾಳೆ ಹೇಳು ಅಣ್ಣಯ್ಯ."

"ನಾಳೆ ಮೊದಲ ಬಸ್ಸಿಗೆ ಹೋಯ್ತೀನಿ ಕಣಮ್ಮ, ಮಂಡಿ ಬಿಟ್ಟು ಬಂದಿದ್ದೀನಿ."

"ಹಂಗಾದ್ರೆ ಇನ್ನೊಂದ್ ಸಲ ಬಂದಾಗ. ಈಗ ನಿನ್ನ ಹೆಗಲ ಮೇಲಿನ್ ವಲ್ಲಿ ಕೊಡು."

"ಯಾಕೆ?"

"ಕೊಡು ಅಂದ್ನಲ್ಲ."

ಅವನು ವಲ್ಲಿಯನ್ನು ಸರಳುಗಳ ನಡುವೆ ತೂರಿಸಿದ. ಅವಳು ಅದನ್ನು ಒಳಗಿನಿಂದ ಎರಡು ಸರಳುಗಳಿಗೆ ಗಂಟು ಹಾಕಿದಳು. ಮುಖ ಮರೆಯಾಯಿತು. ವಲ್ಲಿ ಉದ್ದವಿತ್ತು, ಜರಿಯಿಲ್ಲದ ಅಂಚು ಸರಳು ದಾಟಿ ಹೊರಗೆ ಜಗಲಿಯ ಮೇಲೆ ಇಳಿಬಿತ್ತು.

ತೋಟಪ್ಪ ಬಟ್ಟೆಯನ್ನು ನೋಡುತ್ತ ಕೂತ. ಎದುರುಮನೆಯ ಬೀರಕ್ಕ ಮೇಕೆ ಹೊಡೆದುಕೊಂಡು ಹೊಲದಿಂದ ಬರುತ್ತಿದ್ದವಳು, ಏನೋ ಕೇಳಬೇಕೆಂದು ಕಿಟಕಿಯ ಮುಂದೆ ನಿಂತಳು, ಬಟ್ಟೆ ನೋಡಿದಳು, ಸುಮ್ಮನೆ ಅವನ ಪಕ್ಕ ಜಗಲಿಯ ತುದಿಯಲ್ಲಿ ಕೂತು ಎಲೆಅಡಿಕೆ ಚೀಲ ಬಿಚ್ಚಿದಳು. ಅವಳ ಮೇಕೆಮರಿಯೊಂದು ಜಗಲಿಗೆ ಮುಂಗಾಲು ಕೊಟ್ಟು ನಿಂತು ಇಳಿಬಿದ್ದ ಅಂಚನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿತು. ಇಬ್ಬರೂ ಓಡಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಟ್ಟೆ ಒಳಗಿನಿಂದ ಒಂದು ಸಲ ಜಗ್ಗಿತು, ಮರಿ ಬಾಯಿ ಬಿಟ್ಟಿತು, ಒದ್ದೆಯಾದ ಅಂಚು ಮೆಲ್ಲಗೆ ಸರಳುಗಳ ನಡುವೆ ಒಳಕ್ಕೆ ಹೋಯಿತು.